ಪ್ರಸಾದವೆಂದು ಕೊಟ್ಟ ಕೇಸರಿಬಾತ್

ಹೋದ ವಾರ ಬೆಂಗಳೂರಿನಲ್ಲಿ ಒಂದು ಮದುವೆಯ ತಿಂಡಿಗೆ ಕೂತಿದ್ದೆ. ಎಲೆಗೆ ಬಿಸಿ ಕೇಸರಿಬಾತ್ ಬಿತ್ತು. ತುಪ್ಪ, ಲವಂಗದ ವಾಸನೆ ಮೂಗಿಗೆ ಬಡಿದದ್ದೇ ನನ್ನ ಕೈ ನಿಂತುಹೋಯಿತು. ಗಡಿಯಾಚೆ ತಮಿಳುನಾಡಿನ ಹೊಸೂರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದವಳು ನೆನಪಾದಳು...

ಎರಡು ಸಾವಿರದ ನಾಲ್ಕೋ ಐದೋ ಇರಬೇಕು. ಅವಳು ಉದ್ದನಪಲ್ಲಿ ಕಡೆಯವಳು, ನನಗಿಂತ ಹತ್ತು ವರ್ಷ ಚಿಕ್ಕವಳು. ಬಸವನಗುಡಿಯ ದೇವಸ್ಥಾನಕ್ಕೆ ಹೋಗಿಬರೋಣವೆಂದು ಒಂದು ದಿನ ಕರೆದಳು. ದೇವರ ಹೆಸರು ಕೇಳಿದರೆ ನಾನು ಬೇಡ ಅನ್ನುವವಳಲ್ಲ. ಬಸ್ಸಿನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು, ಅದೂ ಅವನ ದಯವೆಂದೇ ಕೈಮುಗಿದೆ.

ಬಸ್ಸಿಳಿದವಳು ದೇವಸ್ಥಾನದ ಕಡೆ ತಿರುಗಲೇ ಇಲ್ಲ. ಸೀದಾ ಹೋಟೆಲಿಗೆ ನುಗ್ಗಿದಳು. ನಾನು ಬೆಪ್ಪಾಗಿ ಹಿಂದೆಯೇ ಹೋದೆ. ಅಲ್ಲಿ ಇಡ್ಲಿ ಮುರಿಯುತ್ತಾ ವಿಷಯ ಹೇಳಿದಳು. ಗಂಡನ ಫ್ಯಾಕ್ಟರಿ ಗೇಟಿನೆದುರು ಒಂದು ಅಂಗಡಿ ಖಾಲಿಯಾಗಿದೆಯಂತೆ. ಕರ್ನಾಟಕದಿಂದ ಬಂದ ಕೆಲಸದವರು ಬೆಂಗಳೂರಿನ ತಿಂಡಿ ಸಿಗಲ್ಲವೆಂದು ಗೊಣಗುತ್ತಾರಂತೆ. ಅಲ್ಲಿ ತಿಂಡಿ ಮಾಡಿ ಮಾರಬೇಕು ಅನ್ನುವುದು ಅವಳ ಆಸೆ. ಬೀದಿಯಲ್ಲಿ ಎಂಜಲು ತಟ್ಟೆ ಎತ್ತುವ ಕೆಲಸ ನಮ್ಮ ಮನೆಯವರಿಗೆ ಬೇಡ ಎಂದು ಗಂಡ ಹೇಳಿಬಿಟ್ಟಿದ್ದ. ರುಚಿ ಕಲಿತುಕೊಂಡು ಹೋಗಿ ಅವನಿಗೆ ಮಾಡಿ ಬಡಿಸುತ್ತೇನೆ, ತಿಂದ ಮೇಲೆ ಅವನೇ ಒಪ್ಪುತ್ತಾನೆ ಎಂದಳು.

ಒಂದೇ ಬೆಳಿಗ್ಗೆ ನಾಲ್ಕು ಹೋಟೆಲು. ಕಣ್ಣು ಮುಚ್ಚಿಕೊಂಡು ಚಟ್ನಿ ನೆಕ್ಕಿ, ಹುರಿಗಡಲೆ ಎಷ್ಟು, ಶುಂಠಿ ಎಷ್ಟು ಎಂದು ಲೆಕ್ಕ ಹಾಕುತ್ತಿದ್ದಳು. ಅಡುಗೆಮನೆಗೇ ಬಗ್ಗಿ, ಖಾಲಿದೋಸೆ ಹಿಟ್ಟಿಗೆ ಅವಲಕ್ಕಿ ಹಾಕುತ್ತೀರಾ ಎಂದು ಕೇಳಿಬಂದಳು. ದೇವರ ಮುಖ ನೋಡದೆ ಏನನ್ನೂ ತಿನ್ನದ ನಾನು ಎದುರಿಗೆ ಹಸಿದು ಕೂತಿದ್ದೆ. ದೇವಸ್ಥಾನಕ್ಕೆ ಹೋಗುವಷ್ಟರಲ್ಲಿ ಬಾಗಿಲು ಹಾಕಿತ್ತು.

ಮನೆಗೆ ಬಂದರೆ ಅವಳ ಅತ್ತೆ ಹೊಸಲಲ್ಲೇ ಎರಡೂ ಕೈ ಚಾಚಿದರು, ಪ್ರಸಾದಕ್ಕೆ. ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಅವಳು ಮಾತ್ರ ರೆಪ್ಪೆ ಬಡಿಯದೆ ಚೀಲದಿಂದ ಹೋಟೆಲಿನ ಕೇಸರಿಬಾತ್ ಪೊಟ್ಟಣ ತೆಗೆದು ಆ ಕೈಗಿಟ್ಟಳು! ಮುದುಕಿ ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡರು.

ಮರುದಿನ ದೀಪ ಹಚ್ಚಲು ಕೈ ಬರಲಿಲ್ಲ. ಅವಳು ತರಕಾರಿ ತರಲು ಹೋದದ್ದು ನೋಡಿ, ಜಗಲಿಯಲ್ಲಿದ್ದ ಮುದುಕಿಯ ಹತ್ತಿರ ಹೋಗಿ ಎಲ್ಲ ಹೇಳಿಬಿಟ್ಟೆ. ಹೋಟೆಲು, ಅಂಗಡಿಯ ಆಸೆ, ಪೊಟ್ಟಣ... ಅವರು ಬೆಚ್ಚಿಬೀಳುತ್ತಾರೆ ಅಂದುಕೊಂಡಿದ್ದೆ.

"ಮೆಲ್ಲಗೆ ಮಾತಾಡಮ್ಮ," ಎಂದರು. "ದೇವಸ್ಥಾನ್ದೋರು ಸಜ್ಜಿಗೆಗೆ ಅಂಥಾ ಬಣ್ಣ ಹಾಕ್ತಾರಾ? ಕೈಗಿಟ್ಟಾಗ್ಲೇ ಗೊತ್ತಾಯ್ತು ಕಣಮ್ಮ. ಗೊತ್ತಿಲ್ದಂಗಿದ್ರೆ ಆ ಮಗೀಗೊಂದು ದಾರಿ ಆಗ್ತದೆ ಅಂತ ನುಂಗ್ಕಂಡೆ."

ಅಷ್ಟರಲ್ಲಿ ಬಾಗಿಲಲ್ಲಿ ನೆರಳು ಬಿತ್ತು. ನೈಟ್ ಶಿಫ್ಟ್ ಮುಗಿಸಿ ಒಳಗೆ ಮಲಗಿದ್ದ ಮಗ ಎದ್ದು ಬಂದು ನಿಂತಿದ್ದ. ಎಲ್ಲ ಕೇಳಿಸಿಕೊಂಡಿದ್ದ.

ಕೂಗಾಟ ರಂಪಾಟ ಏನೂ ಆಗಲಿಲ್ಲ. ಅಂಗಡಿಯ ಮಾತು ಇನ್ನೊಂದು ಸಲ ಎತ್ತಿದರೆ ತವರಿಗೇ ಹೋಗು ಎಂದನಂತೆ, ಅಷ್ಟೆ. ಸಂಜೆ ನಲ್ಲಿಯ ಹತ್ತಿರ ಸಿಕ್ಕಳು. ನನಗೆ ತಲೆ ಎತ್ತಲಾಗಲಿಲ್ಲ.

"ಬಿಡಿ ಅಕ್ಕ. ನೀವು ಸುಳ್ಳಾಡೋರಲ್ಲ ಅಂತ ಊರಿಗೇ ಗೊತ್ತು. ನಿಮ್ ಜೊತೆ ಅಂದ್ರೆ ಮನೇಲಿ ಕಳಿಸ್ತಾರೆ ಅಂತಾನೇ ನಾನು ನಿಮ್ಮನ್ನ ಕರ್ಕೊಂಡೋಗಿದ್ದು," ಎಂದು ನಕ್ಕು ಕೊಡ ಎತ್ತಿಕೊಂಡು ಹೋದಳು.

ನಿಜ ಹೇಳಿದೆನೆಂಬ ಸಮಾಧಾನ ನನಗೆ ಅಲ್ಲಿಗೆ ಮುಗಿಯಿತು. ಮುಂದಿನ ವರ್ಷ ಅವರು ಕೃಷ್ಣಗಿರಿಗೆ ಮನೆ ಬದಲಿಸಿದರು. ದೇವರು ಕೊಟ್ಟದ್ದನ್ನು ನಾನು ದಿನಾ ಒಂದೊಂದಾಗಿ ನೆನೆಯುತ್ತೇನೆ. ಅವಳು ನನ್ನನ್ನು ಒಂದು ಮಾತೂ ಬೈಯಲಿಲ್ಲ ಅನ್ನುವುದನ್ನು ಅದರಲ್ಲಿ ಸೇರಿಸಲೋ ಬೇಡವೋ, ಇವತ್ತಿಗೂ ತಿಳಿಯದು...

ಮದುವೆಮನೆಯಲ್ಲಿ ಊಟದ ಹೊತ್ತಿಗೆ ಅವಳ ಊರಿನ ಹೆಂಗಸೊಬ್ಬರು ಸಿಕ್ಕರು, ಅವಳು ಹೇಗಿದ್ದಾಳೆಂದು ವಿಚಾರಿಸಿದೆ. ಹೋದ ವರ್ಷವೇ ತೀರಿಕೊಂಡಳಂತೆ. ಕೊನೆಗೆ ಅಂಗಡಿ ಏನಾದರೂ ಇಟ್ಟಿದ್ದಳಾ ಎಂದು ಕೇಳಿದೆ.

ಅವರು ನನ್ನ ಮುಖವನ್ನೇ ನೋಡಿದರು. "ಯಾವ ಅಂಗಡಿ?" ಎಂದರು.