ಲೋಬೊ ಮಾಸ್ತರರು ಮತ್ತು ತೊಳೆಯದ ಕಾಲುಗಳ ಗುರುವಾರ

ಹುಬ್ಬಳ್ಳಿಯಲ್ಲಿ ಬಡಮಕ್ಕಳಿಗೆ ಅಕ್ಷರ ಕಲಿಸಿದವರು ಹಲವರಿದ್ದಾರೆ; ಆ ಮಕ್ಕಳ ತಂದೆತಾಯಿಗಳ ಸೂರಿಗಾಗಿ ದೊಡ್ಡವರ ನಿಷ್ಠುರ ಕಟ್ಟಿಕೊಂಡವರು ಕಡಿಮೆ. ಈ ೧೯೪೬ರಲ್ಲಿ ನಿವೃತ್ತರಾಗುತ್ತಿರುವ ಶ್ರೀ ಬಸ್ತ್ಯಾಂವ ಲೋಬೊ ಮಾಸ್ತರರು ಆ ಕಡಿಮೆಯವರಲ್ಲಿ ಒಬ್ಬರು. ಇದು ಹೊಗಳಿಕೆ ಮೀರಿತೆಂದು ಯಾರಿಗಾದರೂ ಅನಿಸಿದರೆ, ಮುಂದಿನ ಸಂಗತಿಯನ್ನು ಓದಿ ನಿರ್ಣಯಿಸಬೇಕು.

ಕಾರವಾರದ ಕಡೆಯ ಮಾಸ್ತರರು ೧೯೨೩ರಲ್ಲಿ ಇಲ್ಲಿಯ ಇಗರ್ಜಿಯ, ಅಂದರೆ ಚರ್ಚಿನ, ಸಾಲೆಗೆ ಬಂದರು. ಹಗಲು ಮಕ್ಕಳಿಗೆ, ಸಂಜೆ ಗಿರಣಿ ಕೆಲಸಗಾರರಿಗೆ ಪಾಠ. ಜ್ವರ ಬಂದು ಮಲಗಿದವನ ಮನೆಗೆ ತಾವೇ ಗಂಜಿ ಒಯ್ಯುತ್ತಿದ್ದರು. ಅವನು ಗಂಜಿ ಕುಡಿದ ಮೇಲೆ ಮಗ್ಗಿಯನ್ನೂ ಬಿಡದೆ ಒಪ್ಪಿಸಿಕೊಳ್ಳುತ್ತಿದ್ದರು.

ಯೇಸುಸ್ವಾಮಿ ಶಿಷ್ಯರ ಕಾಲು ತೊಳೆದ ನೆನಪಿಗೆ ಪವಿತ್ರ ಗುರುವಾರ ಪಾದ್ರಿಗಳು ಹನ್ನೆರಡು ಜನರ ಕಾಲು ತೊಳೆಯುತ್ತಾರೆ. ಅವರನ್ನು ಆರಿಸುವ ಕೆಲಸ ಮಾಸ್ತರರದು. ಪ್ರತಿವರ್ಷ ಕಾಲು ತೊಳೆಸಿಕೊಳ್ಳಲು ಕೂಡ್ರುತ್ತಿದ್ದವರು ರೇಲ್ವೆ ಗುಮಾಸ್ತರು ಮತ್ತು ಹತ್ತಿ ಗಿರಣಿಯ ಮ್ಯಾನೇಜರ ಮಿನೇಜಿಸ್ ಸಾಹೇಬರಂಥವರು. ಮನೆಯಲ್ಲಿಯೇ ಸಾಬೂನು ಹಚ್ಚಿ ತಿಕ್ಕಿ, ಹೊಸ ಕಾಲುಚೀಲ ಏರಿಸಿ ಬರುವುದು ರೂಢಿ. ತೊಳೆದ ಕಾಲನ್ನೇ ತೊಳೆಯುವ ಈ ಆಟ ಮಾಸ್ತರರ ಮನಸ್ಸಿಗೆ ಚುಚ್ಚುತ್ತಿತ್ತು.

೧೯೩೬ರಲ್ಲಿ ಅದೇ ಇಗರ್ಜಿಗೆ ಸೇರಿದ ಕೆಲಸಗಾರ ಹುಚ್ಚಪ್ಪನ ಬಲಗಾಲು ಸಾಹೇಬರ ಗಿರಣಿಯ ಯಂತ್ರಕ್ಕೆ ಸಿಕ್ಕು ಬೆರಳುಗಳು ಹೋದವು. ಗಾಯ ಮಾಯ್ದಿತು, ಕೆಲಸ ಹೋಯಿತು. ಗಿರಣಿಯ ಚಾಳಿನ ಖೋಲಿಯನ್ನೂ ಹಬ್ಬದೊಳಗೆ ಬಿಡಬೇಕೆಂದು ಸಾಹೇಬರು ಹೇಳಿಕಳಿಸಿದರು.

"ಈಸ್ಟರ್ ಹಬ್ಬಕ್ಕ ಯೇಸುಸ್ವಾಮಿ ಗೋರ್ಯಾಗಿಂದ ಎದ್ದು ಬರತಾನಂತ್ರಿ ಮಾಸ್ತರ್ರ, ನಾವು ಎದ್ದು ಹೋಗಬೇಕಂತ," ಎಂದಳು ಅವನ ಹೆಂಡತಿ ಸತ್ಯವ್ವ.

ಖೋಲಿ ಬಿಡಿಸಬಾರದೆಂದು ಕೇಳಲು ಮಾಸ್ತರರು ಸಾಹೇಬರಲ್ಲಿಗೆ ಹೋದರು.

"ಇದು ಧರ್ಮಛತ್ರ ಅಲ್ರಿ ಮಾಸ್ತರ. ಅವನ ಸಲುವಾಗಿ ಪ್ರಾರ್ಥನೆ ಮಾಡಸ್ರಿ, ಮೇಣಬತ್ತಿ ನಾ ಕೊಡತೇನಿ."

"ಮೇಣಬತ್ತಿ ಕೆಳಗ ಸಂಸಾರ ಹೂಡಾಕ ಬರೂದಿಲ್ರಿ, ಸಾಹೇಬರ. ಕೊಡಬೇಕಾದ್ದು ಕೊಡಲಾರ್ದ, ದಾನ ಮಾಡಿದ್ರ ಅದು ಕಳವಿನ ಮಾಲು."

ಆ ವರ್ಷದ ಪವಿತ್ರ ಗುರುವಾರ ಸಾಹೇಬರು ಬಂದು ನೋಡಿದರೆ ಉಳಿದ ಹನ್ನೊಂದು ಜಾಗಗಳಲ್ಲಿ ಗಿರಣಿಯ ಕೆಲಸಗಾರರು. "ಕಾಲು ತೊಳಕೊಂಡು ಬರಬ್ಯಾಡ್ರಿ," ಎಂದು ಮಾಸ್ತರರು ಹೇಳಿಟ್ಟಿದ್ದರು. ಸಾಹೇಬರ ಪಕ್ಕದಲ್ಲಿ ಹುಚ್ಚಪ್ಪ. ಪಾದ್ರಿಗಳು ಅವನ ಕಾಲು ಕಂಡು ತಡೆದರು.

"ಇದು ಎಲ್ಲಿ ಆತಪ್ಪ?"

"ಸಾಹೇಬರ ಗಿರಣ್ಯಾಗರಿ, ಫಾದರ್ರ."

ಪಾದ್ರಿಗಳು ಆ ಕಾಲನ್ನು ತೊಳೆದು ಮುತ್ತಿಟ್ಟರು. ಬೋಗುಣಿಯ ನೀರು ಕಪ್ಪಾಗಿತ್ತು. ಸಾಹೇಬರು ಕಾಲು ಹಿಂದೆಳೆದುಕೊಂಡು, "ಬ್ಯಾರೆ ಬೋಗುಣಿ ತರ್ರಿ," ಎಂದರು.

ನೀರಿನ ತಂಬಿಗೆ ಹಿಡಿದು ಪಕ್ಕದಲ್ಲಿದ್ದವರು ಮಾಸ್ತರರು. ಸಾಲೆ ನಡೆಯುತ್ತಿದ್ದುದು ಸಾಹೇಬರ ನೆರವಿನಿಂದ. ತಮಗೆ ಬರಬೇಕಾದ ಹೆಡ್ಮಾಸ್ತರಿಕೆಯೂ ಅವರ ಮಾತಿನ ಮೇಲೆ ನಿಂತಿತ್ತು. ಆದರೂ ಬಾಯಿ ತಡೆಯಲಿಲ್ಲ. "ನಿಮ್ಮ ಗಿರಣಿ ಧೂಳ ಐತ್ರಿ ಇದು. ಬ್ಯಾರೆಯವರದಲ್ಲ."

ಸಾಹೇಬರು ಬೂಟು ಮೆಟ್ಟಿ ಹೊರನಡೆದರು.

ಮರುದಿನ ಇಗರ್ಜಿಯ ಅಂಗಳದಲ್ಲಿ ಮಾತಾದದ್ದು ಹುಚ್ಚಪ್ಪನ ಖೋಲಿಯದಲ್ಲ, ಸಾಹೇಬರ ಮಾನದ್ದು. ಕಾಲು ಜಜ್ಜಿದ್ದು ಯಾರಿಗೂ ಅಪಮಾನವೆನಿಸಲಿಲ್ಲ. ಆ ಕಾಲು ತೊಳೆದ ನೀರು ಅಪಮಾನವೆನಿಸಿತು. ಶನಿವಾರ ಸತ್ಯವ್ವನ ಪಾತ್ರೆಪಗಡಗಳು ಚಾಳಿನ ಹೊರಗೆ ಬಿದ್ದವು. ಪಾದ್ರಿಗಳ ಒಪ್ಪಿಗೆ ಪಡೆದು ಮಾಸ್ತರರು ಸಾಲೆಯ ಒಂದು ಕೋಣೆಯನ್ನು ಆ ಸಂಸಾರಕ್ಕೆ ತೆರೆದರು. ಹುಚ್ಚಪ್ಪ ಸಾಲೆಯ ಜವಾನನಾದ. ಸಾಹೇಬರ ನೆರವು ನಿಂತಿತು, ಹೆಡ್ಮಾಸ್ತರಿಕೆ ಬೇರೆಯವರ ಪಾಲಾಯಿತು. ಮಾಸ್ತರರು ಇಂದು ಸಹಾಯಕ ಶಿಕ್ಷಕರಾಗಿಯೇ ನಿವೃತ್ತರಾಗುತ್ತಿದ್ದಾರೆ. ಇದನ್ನು ಅವರ ತ್ಯಾಗವೆಂದು ಕರೆದು ನಾವು ಕೈತೊಳೆದುಕೊಳ್ಳಬಾರದು. ಇದು ಅವರಿಗೆ ಆದ ಅನ್ಯಾಯ.

ಚಾಳಿನ ಆ ಖೋಲಿಯಲ್ಲಿ ಈಗ ಇನ್ನೊಂದು ಸಂಸಾರವಿದೆ, ದುಡಿಯುವವನ ಕೈಕಾಲು ಗಟ್ಟಿಯಿರುವವರೆಗೆ. ಆದ್ದರಿಂದ ಮಾಸ್ತರರು ಇನ್ನು ವಿಶ್ರಮಿಸಲಿ ಎಂದು ಹಾರೈಸಲು ನಮಗೆ ಧೈರ್ಯ ಸಾಲದು. ದೇವರು ಅವರಿಗೆ ದೀರ್ಘಾಯುಷ್ಯವನ್ನೂ ಚಾಳಿನವರೆಗೆ ನಡೆಯುವಷ್ಟು ಬಲವನ್ನೂ ಕೊಡಲಿ. ಅವರ ಸಿಟ್ಟನ್ನು ಮಾತ್ರ ತಣಿಸದಿರಲಿ.