ಇಳಿಜಾರಿನಲ್ಲಿ ನಿಲ್ಲಬೇಕಾದ ಕಾರು

ಶ್ರೀರಂಗಪಟ್ಟಣದ ಹೆದ್ದಾರಿ ಬದಿಯಲ್ಲಿ ಅಹಮದ್ ಪಾಷಾ ಗ್ಯಾರೇಜು ಇಟ್ಟು ಇಪ್ಪತ್ತೊಂಬತ್ತು ವರ್ಷವಾಯಿತು. ಹಾರನ್ ಜೋರು ಮಾಡಿಕೊಡಿ ಎಂದು ಬಂದವರಿದ್ದಾರೆ, ಸೈಲೆನ್ಸರ್ ಗುಡುಗುವಂತೆ ಮಾಡಿಕೊಡಿ ಎಂದು ಬಂದವರಿದ್ದಾರೆ. ಬ್ರೇಕು ಇನ್ನೂ ಚೆನ್ನಾಗಿ ಹಿಡಿಯಲಿ ಎಂದು ತಾವಾಗಿ ಬಂದವರನ್ನು ಅವರು ಕಂಡಿಲ್ಲ. ಹಿಡಿಯದೆ ಹೋದ ಮೇಲೆ ಬರುತ್ತಾರೆ.

ಮೇಲುಕೋಟೆಯ ವಿಜಯೇಂದ್ರ ಬಂದದ್ದೂ ಹಾಗೆಯೇ. ದೇವಸ್ಥಾನದ ಮನೆತನ, ಪಾಂಡವಪುರದ ಕಚೇರಿಯೊಂದರಲ್ಲಿ ಕೆಲಸ. ತನ್ನ ಕಾಲದಲ್ಲಿ ಓಟಕ್ಕೆ ಹೆಸರಾಗಿದ್ದ ಇಪ್ಪತ್ತು ವರ್ಷ ಹಳೆಯ ಕೆಂಪು ಕಾರೊಂದನ್ನು ಕೊಂಡು, ಮೊದಲು ಎಂಜಿನ್ನಿನ ಶಕ್ತಿ ಹೆಚ್ಚಿಸಿದ್ದರು. ಆಮೇಲೆ ಕೆ.ಆರ್. ಪೇಟೆಯಲ್ಲಿ ಯಾರಿಂದಲೋ ಸ್ಪ್ರಿಂಗುಗಳ ಎರಡೆರಡು ಸುತ್ತು ಕತ್ತರಿಸಿ ಹಾಕಿಸಿ ಕಾರನ್ನು ತಗ್ಗಿಸಿದ್ದರು. ಬ್ರೇಕನ್ನು ಮಾತ್ರ ಮುಟ್ಟಿರಲಿಲ್ಲ. ಒಂದು ಬೆಳಿಗ್ಗೆ ಹೆಂಡತಿ ಪದ್ಮ ಅವರನ್ನು ಕೂರಿಸಿಕೊಂಡು ಬೆಟ್ಟ ಇಳಿಯುವಾಗ ಕೊನೆಯ ತಿರುವಿನಲ್ಲಿ ಪೆಡಲು ನೆಲಕ್ಕೆ ಹೋಯಿತು. ಕಾರು ಮಣ್ಣಿನ ದಿಬ್ಬಕ್ಕೆ ಉಜ್ಜಿಕೊಂಡು ನಿಂತಿತು. ಪೆಟ್ಟೇನೂ ಆಗಲಿಲ್ಲ. ಪದ್ಮ ಇಳಿದು ಬಸ್ಸು ಹತ್ತಿ ಮನೆಗೆ ಹೋದರು. ಸಂಜೆ ಷರತ್ತು ಹೇಳಿದರು: ಕಾರು ಮಾರಬೇಕು, ಇಲ್ಲವೇ ತಮ್ಮ ತಂದೆಯ ಅಂಬಾಸಿಡರ್ ನೋಡಿಕೊಳ್ಳುತ್ತಿದ್ದ ಪಾಷಾ ಈ ಕಾರನ್ನು ಸರಿಮಾಡಿ, ತಾವೇ ಓಡಿಸಿ, ತಮ್ಮನ್ನು ಬೆಟ್ಟ ಇಳಿಸಿ ತೋರಿಸಬೇಕು.

"ಸ್ವಾಮೇರೆ, ಓಡ್ಸೋಕೆ ಮುಂಚೆ ನಿಲ್ಸೋದ ನೋಡ್ಬೇಕಲ್ವಾ?" ಎಂದರು ಪಾಷಾ, ಕಾರಿನಡಿಯಿಂದಲೇ. "ಬ್ರೇಕ್ ಆಯಿಲ್ ಬದಲಾಯ್ಸಿ ಎಷ್ಟು ವರ್ಸ ಆಯ್ತೋ, ನೀರು ಕುಡ್ದೈತೆ. ಇಳಿಜಾರಲ್ಲಿ ಬಿಸಿಯಾಗಿ ಕುದ್ದು ಆವಿ ಆಯ್ತದೆ. ಆಮೇಲೆ ನೀವು ತುಳಿಯೋದು ಬರೀ ಗಾಳೀನ."

"ಬ್ರೇಕ್ ಎಲ್ಲಾ ಹೊಸದು ಹಾಕಿ. ಸ್ಪ್ರಿಂಗ್ ಮಾತ್ರ ಹಾಗೇ ಇರ್ಲಿ ಪಾಷಾ ಸಾಬ್ರೇ, ತಗ್ಗಾಗಿದ್ರೆ ನೋಡೋಕೆ ಚೆನ್ನ."

"ನೋಡೋಕೆ ಚಂದಾನೇ. ರಸ್ತೇಲಿ ಅಂಪು ಸಿಕ್ಕುದ್ರೆ ಚಕ್ರ ನೆಲ ಬುಟ್ಟು ನೆಗೀತದೆ. ನೆಲ ಮುಟ್ಟದ ಚಕ್ರಕ್ಕೆ ಎಂಥ ಬ್ರೇಕ್ ಆಕುದ್ರೇನು?"

ಪಕ್ಕದ ಪಂಕ್ಚರ್ ಅಂಗಡಿಯ ದ್ಯಾವಯ್ಯ ಟೈರಿನ ಮೇಲೆ ಕೂತಿದ್ದವನು ತಲೆ ಹಾಕಿದ. "ಬುಡ್ಲಾ ಪಾಷಾ, ಐನೋರು ಬೆಟ್ಟದಿಂದ ಜಾರ್ಕಂಡೇ ಓಗ್ಲಿ. ಪೆಟ್ರೋಲು ಉಳೀತದೆ."

ಪಾಷಾ ಹದಿನಾರನೇ ವಯಸ್ಸಿಗೆ ನಾಗಮಂಗಲದ ಲಾರಿ ಶೆಡ್ಡಿನಲ್ಲಿ ಕೆಲಸ ಕಲಿತವರು. ಬ್ರೇಕು ಮುಟ್ಟಿದ ಗಾಡಿಯನ್ನು ಮೇಲುಕೋಟೆ ಬೆಟ್ಟ ತಾವೇ ಇಳಿಸಿ ನೋಡದೆ ಯಾರಿಗೂ ಕೊಟ್ಟವರಲ್ಲ. ಈ ಕಾರಿಗೆ ಆರು ವಾರ ಹಿಡಿಯಿತು. ಬ್ರೇಕಿನ ಡಿಸ್ಕುಗಳು ಮೊದಲ ಸಲ ತಪ್ಪು ಅಳತೆಯವು ಬಂದವು, ಎರಡನೇ ಸಲ ಒಂದೇ ಬಂತು. ಕೊನೆಗೆ ಇನ್ನೂರ ನಲವತ್ತು ಮಿಲಿಮೀಟರಿನ ಜಾಗದಲ್ಲಿ ಇನ್ನೂರ ಐವತ್ತೇಳರ ಡಿಸ್ಕು, ಅದನ್ನು ಹಿಡಿಯಲು ತಕ್ಕ ಕ್ಯಾಲಿಪರು, ಹೊಸ ಬ್ರೇಕ್ ಆಯಿಲು ತುಂಬಿದ ಹೊಸ ಹೋಸು, ಸರಿಯಾದ ಎತ್ತರದ ಸ್ಪ್ರಿಂಗು, ನಾಲ್ಕು ಶಾಕ್ ಅಬ್ಸಾರ್ಬರು ಕೂತವು. ಗಂಟೆಗೆ ಅರವತ್ತರ ವೇಗದಿಂದ ಹತ್ತಕ್ಕೆ, ಹತ್ತು ಸಲ ಬ್ರೇಕು ಹಾಕಿ ಹೊಸ ಪ್ಯಾಡನ್ನು ಡಿಸ್ಕಿಗೆ ಪಳಗಿಸಿದರು. ಬೆಟ್ಟ ಇಳಿದು ಡಿಸ್ಕಿನ ಶಾಖ ಅಳೆದರು: ಎಡ ಇನ್ನೂರ ಎಂಟು ಡಿಗ್ರಿ, ಬಲ ಇನ್ನೂರ ಹನ್ನೊಂದು. ಗ್ಯಾರೇಜಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟು ಗುರುವಾರ ಕಾರು ಕೊಟ್ಟರು. "ಭಾನುವಾರ ಬತ್ತೀನಿ, ಅಮ್ಮಾವ್ರಿಗೆ ಯೋಳಿ."

ಶನಿವಾರ ಬೆಳಿಗ್ಗೆಯೇ ಕಾರು ವಾಪಸು ಬಂತು. ವಿಜಯೇಂದ್ರರ ಮುಖ ಕೆಂಪಗಿತ್ತು.

"ಬ್ರೇಕ್ ತುಳಿದ್ರೆ ಬಲಕ್ಕೆ ಎಳೀತಿದೆ. ಬೆಟ್ಟನೆಲ್ಲಾ ಫಸ್ಟ್ ಗೇರಲ್ಲೇ ಇಳಿದು ಬಂದೆ. ಇದಾ ನಿಮ್ಮ ಕೆಲಸ? ಪದ್ಮಂಗೆ ಗೊತ್ತಾದ್ರೆ ನಾಳೆನೇ ಮಾರಿಸ್ತಾಳೆ."

ಪಾಷಾ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತರು. ಟೈರಿನ ಗಾಳಿ ಅಳೆದರು, ಸರಿ ಇತ್ತು. ಹೋಸು ಸರಿ ಇತ್ತು, ಕ್ಯಾಲಿಪರಿನ ಪಿಸ್ಟನ್ನು ಸಲೀಸಾಗಿ ಆಡುತ್ತಿತ್ತು. ಹನ್ನೊಂದಾಯಿತು. ತಮ್ಮ ಕೈಕೆಲಸದ ಮೇಲೆ ತಮಗೇ ಅನುಮಾನ ಬರತೊಡಗಿತು. ಅವರಿಗೆ ಅದಕ್ಕಿಂತ ಹಿಂಸೆಯಿಲ್ಲ. ಎಡಗಡೆಯ ಪ್ಯಾಡು ಬಿಚ್ಚಿ ಮೂಗಿನ ಹತ್ತಿರ ಹಿಡಿದರು. ಅಂಚು ಕೆಂಪಗಿತ್ತು. ಹರಳೆಣ್ಣೆಯ ವಾಸನೆ.

"ಸ್ವಾಮೇರೆ, ಗಾಡಿಗೆ ಪೂಜೆ ಮಾಡುದ್ರಾ?"

"ಮಾಡದೆ ಇರ್ತೀವಾ? ನಿನ್ನೆ ಶುಕ್ರವಾರ. ಚಕ್ರದೊಳಗೆ ಡಿಸ್ಕು ಬೆಳ್ಳಿ ತಟ್ಟೆ ಹಾಗೆ ಹೊಳೀತಿತ್ತು, ಪದ್ಮ ಅದಕ್ಕೇ ಕುಂಕುಮ ಇಟ್ಲು. ಒಣ ಕುಂಕುಮ ನಿಲ್ಲಲಿಲ್ಲ ಅಂತ ಒಂದು ಚೂರು ಹರಳೆಣ್ಣೆಲಿ ಕಲಸಿದ್ಲು."

"ಬಲಗಡೆ ಚಕ್ರಕ್ಕೆ?"

"ಆ ಕಡೆ ಗೋಡೆ. ಕೈ ಹೋಗಲಿಲ್ಲ."

"ನೀವೆಲ್ಲಿದ್ರಿ?"

"ನಾನು ಆರತಿ ತಟ್ಟೆ ಹಿಡ್ಕೊಂಡು ನಿಂತಿದ್ದೆ."

ಪಾಷಾ ಬೋರಲು ಹಾಕಿದ್ದ ಡಬ್ಬದ ಮೇಲೆ ಕೂತುಬಿಟ್ಟರು. ದ್ಯಾವಯ್ಯ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡ. "ಒಂದು ಕಣ್ಣಿಗೆ ಎಣ್ಣೆ, ಒಂದು ಕಣ್ಣಿಗೆ ಗೋಡೆ. ಗಾಡಿ ಬಲಕ್ಕೆ ಓಗ್ದೆ ಇನ್ನೆಲ್ಲಿಗೆ ಓದಾತು?"

ಎಣ್ಣೆ ಕುಡಿದು ಹಿಡಿತ ಕಳೆದುಕೊಂಡ ಪ್ಯಾಡನ್ನು ತೊಳೆದು ಪ್ರಯೋಜನವಿಲ್ಲ. ಒಂದು ಕಡೆಯದನ್ನು ಮಾತ್ರ ಬದಲಾಯಿಸುವಂತೆಯೂ ಇಲ್ಲ. ಪಾಷಾ ಮೈಸೂರಿಗೆ ಹೋಗಿ ಹೊಸ ಜೊತೆ ತಂದು, ಡಿಸ್ಕು ತೊಳೆದು, ಮತ್ತೆ ಅರವತ್ತರಿಂದ ಹತ್ತಕ್ಕೆ ಹತ್ತು ಸಲ ಓಡಿಸಿ ಮುಗಿಸುವಷ್ಟರಲ್ಲಿ ಸಂಜೆಯಾಯಿತು. ಹೆಂಡತಿ ನಜ್ಮುನ್ನೀಸಾ ಫೋನಿನಲ್ಲಿ, ಆ ಕೆಂಪು ಗಾಡಿಯನ್ನೇ ಮನೆಗೆ ಕರೆದುಕೊಂಡು ಬನ್ನಿ, ಅದಕ್ಕೂ ಒಂದು ತಟ್ಟೆ ಇಡುತ್ತೇನೆ ಎಂದು ರೇಗಿದರು.

ಭಾನುವಾರ ಬೆಟ್ಟ ಹತ್ತುವಾಗ, ಪದ್ಮ ಅವರಿಗೆ ಹೇಳಬೇಕಾದ ಖಾರದ ಮಾತುಗಳನ್ನೆಲ್ಲ ಪಾಷಾ ಮನಸ್ಸಿನಲ್ಲಿ ಸಾಲಾಗಿ ಜೋಡಿಸಿಕೊಂಡಿದ್ದರು. ಹೋಗಿ ನೋಡಿದರೆ ಅವರು ಬಾಗಿಲಲ್ಲೇ ಕುಂಕುಮದ ಬಟ್ಟಲು ಹಿಡಿದು ನಿಂತಿದ್ದರು. ಜೋಡಿಸಿದ್ದೆಲ್ಲ ಮರೆತುಹೋಯಿತು.

"ಅಮ್ಮಾ, ಬಾನೆಟ್‌ಗೆ ಇಡಿ, ಗಾಜಿಗೆ ಇಡಿ, ಬೇಕಾದ್ರೆ ಐನೋರ ಅಣೆಗೆ ಇನ್ನೊಂದು ಇಡಿ. ಚಕ್ರದ ಒಳೀಕೆ ಮಾತ್ರ ಕೈ ಆಕ್ಬ್ಯಾಡಿ."

"ನಮ್ಮಪ್ಪನ ಕಾಲದಿಂದ ಚಕ್ರಕ್ಕೆ ಇಟ್ಟಿದ್ದೀನಿ. ಯಾವ ಕಾರೂ ಏನೂ ಅಂದಿಲ್ಲವಲ್ಲ ಪಾಷಾ."

"ಆಗ ಚಕ್ರಕ್ಕೆ ಮುಚ್ಚಳ ಇತ್ತು, ನೀವು ಇಟ್ಟಿದ್ದು ಮುಚ್ಚಳಕ್ಕೆ. ಇದ್ರಲ್ಲಿ ಬ್ರೇಕ್ ಇಡಿಯೋ ಜಾಗಾನೇ ಬಯಲಿಗೆ ಐತೆ."

ಪದ್ಮ ಚಕ್ರವನ್ನೂ ಬಟ್ಟಲನ್ನೂ ಒಮ್ಮೆ ನೋಡಿದರು. "ಹಾಗಾದ್ರೆ ನಿನ್ನ ಕೆಲಸ ಕೆಡಿಸಿದ್ದು ನಾನೇ."

"ಎಣ್ಣೆ ಕೆಡಿಸ್ತು, ಅಮ್ಮಾ. ಕೂತ್ಕೊಳಿ."

ವಿಜಯೇಂದ್ರ ಹಿಂದೆ ಕೂತರು. ಪಾಷಾ ಬೇಕೆಂದೇ ಗೇರು ತೆಗೆದು ಎಂಜಿನ್ನಿನ ಹಿಡಿತ ಬಿಟ್ಟು, ಬ್ರೇಕಿನ ಮೇಲೆಯೇ ಬೆಟ್ಟ ಇಳಿದರು. ಕೊನೆಯ ತಿರುವಿಗೆ ಮುಂಚೆ, ದಿಬ್ಬದ ಎದುರಿಗೇ, ಬಲವಾಗಿ ತುಳಿದರು. ಕಾರು ಎಡಕ್ಕೂ ಸರಿಯದೆ ಬಲಕ್ಕೂ ಸರಿಯದೆ ಗೆರೆ ಎಳೆದಂತೆ ನಿಂತಿತು. ಇಳಿದು ಶಾಖ ಅಳೆದರು: ಎಡ ಇನ್ನೂರ ಹದಿಮೂರು, ಬಲ ಇನ್ನೂರ ಹನ್ನೆರಡು.

"ನೋಡುದ್ರಾ ಅಮ್ಮಾ?"

"ಬಂತಾ ತಿರುವು?" ಪದ್ಮ ಕಣ್ಣು ಬಿಟ್ಟರು. "ಮೇಲಿಂದ ಕಣ್ಣು ಮುಚ್ಚಿಕೊಂಡುಬಿಟ್ಟಿದ್ದೆ ಕಣಪ್ಪ. ನೋಡದೆ ಹೇಗೆ ಹೇಳಲಿ? ಇನ್ನೊಂದು ಸಲ ಇಳಿಸು."

ಪಾಷಾ ಸೀಟಿಗೆ ಬಂದು ಕೂತು ಹಣೆಯನ್ನು ಸ್ಟೀರಿಂಗಿಗೆ ಒತ್ತಿದರು. "ಡಿಸ್ಕ್ ಆರ್ಬೇಕು. ಇಪ್ಪತ್ತು ನಿಮಿಷ."

ಇಪ್ಪತ್ತು ನಿಮಿಷ ಕಾದು ಮತ್ತೆ ಹತ್ತಿ ಮತ್ತೆ ಇಳಿದರು. ಈ ಸಲ ಪದ್ಮ ಸೀಟಿನ ಅಂಚು ಹಿಡಿದು, ಕಣ್ಣು ಅರಳಿಸಿಕೊಂಡೇ ಕೂತಿದ್ದರು. ಕಾರು ಅದೇ ಜಾಗದಲ್ಲಿ, ಅಷ್ಟೇ ನೆಟ್ಟಗೆ ನಿಂತಿತು. ಅವರು ಸೀಟಿನಿಂದ ಕೈ ತೆಗೆದರು.

"ಇರಲಿ ಬಿಡಿ. ಮಾರೋದು ಬೇಡ."

ವಿಜಯೇಂದ್ರ ಹಿಂದಿನ ಸೀಟಿನಿಂದ ಧಡಕ್ಕನೆ ಇಳಿದು ಬಂದು ಚಾಲಕನ ಬಾಗಿಲು ತೆರೆದು ನಿಂತರು. ಪಾಷಾ ಬಾಗಿಲು ಎಳೆದುಕೊಂಡರು.

"ಇಂದೆ ಕೂತ್ಕೊಳಿ ಸ್ವಾಮೇರೆ. ಮನೆಗಂಟ ನಾನೇ ಓಡಿಸ್ತೀನಿ."