ಹಲಗೆಯ ಮೇಲಿನ ಬಿಲ್ಲೆ

ಕೆಜಿಎಫ್‌ನ ಕಾರ್ಖಾನೆಯಲ್ಲಿ ನನಗೆ ಲಿನಕ್ಸ್ ಸರ್ವರ್ ನೋಡಿಕೊಳ್ಳುವುದನ್ನು ಕಲಿಸಿದವರು ನನ್ನ ಹಿರಿಯ ಸಹೋದ್ಯೋಗಿ. ಅವರ ಅಪ್ಪ ಚಾಂಪಿಯನ್ ರೀಫ್ಸ್‌ನಲ್ಲಿ ಚಿನ್ನದ ಗಣಿಗೆ ಇಳಿಯುತ್ತಿದ್ದವರು. ಇಳಿಯುವ ಮುಂಚೆ ಪ್ರತಿಯೊಬ್ಬರೂ ತಮ್ಮ ನಂಬರಿನ ಹಿತ್ತಾಳೆ ಬಿಲ್ಲೆಯನ್ನು ಹಲಗೆಗೆ ನೇತುಹಾಕಿ, ಮೇಲೆ ಬಂದ ಮೇಲೆ ತೆಗೆದುಕೊಳ್ಳುತ್ತಿದ್ದರಂತೆ. ನಾನು ಲಾಗ್‌ಔಟ್ ಮಾಡದೆ ಬಂಗಾರಪೇಟೆ ರೈಲಿಗೆ ಓಡಿದರೆ ಮರುದಿನ ನನ್ನ ಹಿರಿಯರ ಬೈಗುಳ ಗ್ಯಾರಂಟಿ: “ಬಿಲ್ಲೆ ಅಂಗೇ ಬಿಟ್ಟು ಓಗ್ಬಿಟ್ರೆ, ಒಳಗೇ ಅವ್ಳೆ ಅಂತ ಉಡುಕ್ತಾ ಇರ್ತಾರೆ ಕಣಮ್ಮಾ!”

ಒಂದು ಮಧ್ಯಾಹ್ನ ಎದೆನೋವೆಂದು ಎದ್ದುಹೋದವರು ಆಸ್ಪತ್ರೆಯಲ್ಲೇ ತೀರಿಕೊಂಡರು. ಮಣ್ಣು ಮಾಡಿ ಬಂದು ಸರ್ವರಿನಲ್ಲಿ ಯಾರಿದ್ದಾರೆಂದು ನೋಡಿದರೆ ಎರಡು ಹೆಸರು: ಅವರದು, ನನ್ನದು. ಅವರು ಲಾಗ್‌ಔಟ್ ಮಾಡಿರಲಿಲ್ಲ.

ತಿಂಗಳುಗಟ್ಟಲೆ ನಾನು ಆ ಯಂತ್ರವನ್ನು ರೀಬೂಟ್ ಮಾಡಲಿಲ್ಲ; ಮಾಡಿದರೆ ಪಟ್ಟಿಯಿಂದ ಅವರ ಹೆಸರು ಅಳಿಸಿಹೋಗುತ್ತಿತ್ತು. ಅಪ್‌ಡೇಟ್ ಬಾಕಿಯಿದೆ ಎಂದವರ ಮೇಲೆಲ್ಲ ಸಿಡುಕಿದೆ. ಮೇಲೆ ಬಾರದವರ ಬಿಲ್ಲೆಯನ್ನು ತೆಗೆಯಲು ನಾನ್ಯಾರು?

ಕೊನೆಗೆ ಮ್ಯಾನೇಜರು ಪಕ್ಕದಲ್ಲೇ ನಿಂತು ಮಾಡಿಸಿದರು. ಯಂತ್ರ ಮತ್ತೆ ಎದ್ದು, ನಾನು ಒಳಹೊಕ್ಕು ನೋಡಿದಾಗ ಪಟ್ಟಿಯಲ್ಲಿ ನನ್ನ ಹೆಸರೊಂದೇ ಇತ್ತು.

ಆ ಸಂಜೆ ಬೇಕೆಂದೇ ಲಾಗ್‌ಔಟ್ ಮಾಡದೆ ರೈಲು ಹತ್ತಿದೆ. ಮರುದಿನ ಯಾರೂ ಬೈಯಲಿಲ್ಲ.